ಚುನಾವಣಾ ಖರ್ಚಿನ ಲೆಕ್ಕ: ಎಲ್ಲರೂ ಓದಿ

ಗೆಳೆಯರೇ, ನಮಸ್ಕಾರ.

ನಮ್ಮ ಅಭ್ಯರ್ಥಿಯ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ನನ್ನದು. ವಿಧಾನಸಭೆಗೆ ಕರ್ನಾಟಕದಲ್ಲಿ ಒಬ್ಬ ಅಭ್ಯರ್ಥಿ 40 ಲಕ್ಷ ರೂಪಾಯಿವರೆಗೆ ಮಾತ್ರ ಖರ್ಚು ಮಾಡಬಹುದು. ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶದ ದಿನದವರೆಗೆ ಪ್ರತಿ ರೂಪಾಯಿಯೂ ಲೆಕ್ಕಕ್ಕೆ ಬರಬೇಕು.

ಜಾಸ್ತಿ ಎಡವಟ್ಟಾಗುವುದು 'ಸುಮ್ನೆ ಕೊಟ್ಟದ್ದು' ಅನ್ನುವ ಕಡೆ. ಯಾರೋ ಪ್ರೀತಿಯಿಂದ ಜೀಪು ಕೊಡುತ್ತಾರೆ, ಶಾಮಿಯಾನದವರು ಬಾಡಿಗೆ ಬೇಡ ಅನ್ನುತ್ತಾರೆ. ದುಡ್ಡು ಕೊಡಲಿಲ್ಲ ಅಲ್ವಾ ಅಂತ ಬಿಡಬೇಡಿ. ಅದಕ್ಕೂ ಬೆಲೆ ಕಟ್ಟಿ ಬರೆಯಬೇಕು. ಕುರ್ಚಿ, ಊಟ, ಧ್ವನಿವರ್ಧಕ, ಎಲ್ಲಕ್ಕೂ ಜಿಲ್ಲೆಯ ದರಪಟ್ಟಿ ಇರುತ್ತದೆ. ಖರ್ಚಿನ ವೀಕ್ಷಕರ ತಂಡ ಸಭೆಗಳ ವಿಡಿಯೋ ಮಾಡಿಕೊಂಡು ತನ್ನದೇ ಲೆಕ್ಕ ಇಡುತ್ತದೆ. ನಮ್ಮ ಪುಸ್ತಕದ ಜೊತೆ ಅದನ್ನು ತಾಳೆ ನೋಡುತ್ತಾರೆ. ಪ್ರಚಾರದ ಅವಧಿಯಲ್ಲಿ ಮೂರು ಸಲ ಪುಸ್ತಕ ತೋರಿಸಲೇಬೇಕು.

ಚುನಾವಣೆಗೆಂದೇ ತೆರೆದ ಬ್ಯಾಂಕ್ ಖಾತೆಯಿಂದಲೇ ಹಣ ಹೋಗಬೇಕು. ಒಬ್ಬರಿಗೆ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಡಬೇಡಿ. ದಯವಿಟ್ಟು ಯಾರೂ ಜೇಬಿನಿಂದ ಕೊಟ್ಟು ಆಮೇಲೆ ನನಗೆ ಹೇಳಬೇಡಿ. ಮೊದಲೇ ಒಂದು ಮಾತು ಕೇಳಿ.

ಫಲಿತಾಂಶ ಬಂದ 30 ದಿನದೊಳಗೆ ಪೂರ್ತಿ ಲೆಕ್ಕ ಜಿಲ್ಲಾ ಚುನಾವಣಾಧಿಕಾರಿಗೆ ಸೇರಬೇಕು. ಸೋತರೂ, ಠೇವಣಿ ಕಳೆದುಕೊಂಡರೂ ಇದು ತಪ್ಪಿದ್ದಲ್ಲ. ಸರಿಯಾದ ಕಾರಣವಿಲ್ಲದೆ ಕೊಡದಿದ್ದರೆ ಚುನಾವಣಾ ಆಯೋಗ 3 ವರ್ಷ ಅನರ್ಹಗೊಳಿಸಬಹುದು. ಇಷ್ಟು ದಿನ ಬಿಸಿಲಲ್ಲಿ ಮನೆಮನೆ ತಿರುಗಿದ್ದೇವೆ. ಒಂದು ರಸೀದಿಗಾಗಿ ಅದೆಲ್ಲ ಹಾಳಾಗುವುದು ನನಗೆ ಬೇಡ.

ಬಿಲ್ ಸಿಕ್ಕ ದಿನವೇ ಫೋಟೋ ತೆಗೆದು ಇಲ್ಲಿ ಹಾಕಿ. ಅಸಲು ಪ್ರತಿಯನ್ನು ರಾತ್ರಿ 8ರೊಳಗೆ ಕಚೇರಿಗೆ ತಲುಪಿಸಿ.