ಮಗಳಿಗೊಂದು ಪತ್ರ: ಬಟ್ಟೆಬುಟ್ಟಿಯ ತುಂಬ ಸಂಗೀತ

ಪ್ರೀತಿಯ ಪುಟ್ಟಿ,

ನೀನು ಹೆಲ್ಸಿಂಕಿಯಿಂದ ಕಳಿಸಿದ ಫೋಟೋ ನೋಡಿದೆ. "ಸ್ವಾತಂತ್ರ್ಯ ದಿನ ಮೊನ್ನೆ ಡಿಸೆಂಬರ್ 6ಕ್ಕೇ ಮುಗೀತು, ಇವತ್ತು 8ಕ್ಕೆ ಮತ್ತೆ ಯಾಕಮ್ಮ ಬಾವುಟ?" ಅಂತ ಕೇಳಿದ್ದೆ. ಅದು ಫಿನ್ಲೆಂಡಿನ ಸಂಗೀತಗಾರ ಯಾನ್ ಸಿಬೇಲಿಯಸ್ ಹುಟ್ಟಿದ ದಿನ. ಸಂಗೀತ ಬರೆದ ಒಬ್ಬರಿಗೋಸ್ಕರ ದೇಶವೇ ಬಾವುಟ ಹಾರಿಸುತ್ತೆ ಅಂದರೆ ನನಗೆ ಮೈ ಜುಮ್ಮೆನ್ನುತ್ತೆ.

ಅವರು ಹುಟ್ಟಿದ್ದು 1865ರಲ್ಲಿ. ಕೃತಿಗಳನ್ನು ರಚಿಸಿದ ನಮ್ಮ ಮೈಸೂರು ವಾಸುದೇವಾಚಾರ್ಯರೂ ಅದೇ ವರ್ಷ ಹುಟ್ಟಿದವರು, ಗೊತ್ತಾ? ಆಗ ಫಿನ್ಲೆಂಡ್ ರಷ್ಯಾದ ಚಕ್ರವರ್ತಿಯ ಕೈಯಲ್ಲಿತ್ತು. ಸಿಬೇಲಿಯಸ್ ಮನೆಮಾತು ಸ್ವೀಡಿಷ್. ಫಿನ್ನಿಷ್ ಕಲಿತದ್ದು ಶಾಲೆಯಲ್ಲಿ. ಆದರೂ ಫಿನ್ನಿಷ್ ಜನರ ಮಹಾಕಾವ್ಯ 'ಕಲೇವಲ'ದ ಕಥೆ ಎತ್ತಿಕೊಂಡು 1892ರಲ್ಲಿ 'ಕುಲ್ಲೆರ್ವೊ' ಅನ್ನೋ ಸಂಗೀತಕೃತಿ ಬರೆದರು.

1899ರಲ್ಲಿ ಚಕ್ರವರ್ತಿ ಫಿನ್ಲೆಂಡಿನ ಹಕ್ಕುಗಳನ್ನು ಮೊಟಕು ಮಾಡಿದ. ಪತ್ರಿಕೆಗಳ ಬಾಯಿ ಕಟ್ಟಿದರು. ನವೆಂಬರಿನಲ್ಲಿ ಪತ್ರಕರ್ತರ ಪಿಂಚಣಿ ನಿಧಿಗೆ ಅಂತ ಒಂದು ಕಾರ್ಯಕ್ರಮ ನಡೆಯಿತು. ಹೆಸರಿಗೆ ನಿಧಿ, ಒಳಗಿದ್ದದ್ದು ಪ್ರತಿಭಟನೆ. ಅದಕ್ಕೆ ಅವರು ಬರೆದ ಸಂಗೀತದ ಕೊನೆಯ ಭಾಗವೇ ಮುಂದೆ 'ಫಿನ್ಲಾಂಡಿಯಾ' ಆಯಿತು. ಹೆಡ್‌ಫೋನ್ ಹಾಕಿಕೊಂಡು ಒಬ್ಬಳೇ ಕೂತು ಕೇಳು. ಮೊದಲು ಕಹಳೆಗಳು ಗುಡುಗುತ್ತವೆ. ಆಮೇಲೆ ಆ ಗದ್ದಲವೆಲ್ಲ ತಣ್ಣಗಾಗಿ ಒಂದು ರಾಗ ಏಳುತ್ತೆ, ನಮ್ಮ ಭಜನೆಯಷ್ಟು ಸರಳ. ಸ್ವರಗಳು ಅಕ್ಕಪಕ್ಕದಲ್ಲೇ ನಡೆಯುತ್ತವೆ, ಸಂಗೀತ ಕಲಿಯದವರೂ ಗುನುಗಬಹುದು. ಜನ ಅದಕ್ಕೆ ಮಾತು ಸೇರಿಸಿ ಹಾಡಿಕೊಂಡರು.

ಆದರೆ ನನ್ನನ್ನು ಕಾಡಿದ್ದು ಆಮೇಲಿನ ಕಥೆ. 1926ರ 'ಟಾಪಿಯೋಲಾ' ಆದಮೇಲೆ ಅವರಿಂದ ದೊಡ್ಡ ಕೃತಿ ಬರಲೇ ಇಲ್ಲ. ಬದುಕಿದ್ದು 1957ರವರೆಗೆ, 91 ವರ್ಷ. ಎಂಟನೇ ಸಿಂಫನಿ, ಅಂದರೆ ದೊಡ್ಡ ವಾದ್ಯಮೇಳದ ಕೃತಿ, ಯಾವಾಗ, ಯಾವಾಗ ಅಂತ ಎಲ್ಲರೂ ಕೇಳುವವರೇ. ಬೇಸಿಗೆ ಬಂದಮೇಲೆ ಯಾರ್ವೆನ್‌ಪಾದಲ್ಲಿರುವ ಅವರ ಮನೆ 'ಐನೋಲಾ'ಗೆ ಹೋಗಿ ಬಾ. ಸದ್ದಾಗುತ್ತೆ ಅಂತ ಅವರಿರುವವರೆಗೂ ಆ ಮನೆಗೆ ನಲ್ಲಿ ಹಾಕಿಸಿರಲಿಲ್ಲ. ಊಟದ ಕೋಣೆಯಲ್ಲಿ ಹಸಿರು ಬಣ್ಣದ ಅಗ್ಗಿಷ್ಟಿಕೆ ಇದೆ. 1940ರ ದಶಕದಲ್ಲಿ ಒಂದು ದಿನ ಒಗೆಯುವ ಬಟ್ಟೆಯ ಬುಟ್ಟಿಗೆ ತಮ್ಮ ಹಸ್ತಪ್ರತಿಗಳನ್ನು ತುಂಬಿ ತಂದು ಊಟದ ಕೋಣೆಯ ಬೆಂಕಿಗೆ ಹಾಕಿದರು. ಹೆಂಡತಿ ಐನೋ ನೋಡಲಾಗದೆ ಎದ್ದು ಹೋದರಂತೆ. ಅದಾದಮೇಲೆ ಗಂಡನ ಮನಸ್ಸು ಹಗುರಾಯಿತು ಅಂತಲೂ ಅವರೇ ಹೇಳಿದ್ದಾರೆ.

ನಮ್ಮ ವಾಸುದೇವಾಚಾರ್ಯರು 90 ವಯಸ್ಸಿನ ಆಸುಪಾಸಿನಲ್ಲಿ ಮದರಾಸಿನ ಕಲಾಕ್ಷೇತ್ರದಲ್ಲಿ ಕೂತು ರಾಮಾಯಣದ ನೃತ್ಯನಾಟಕಗಳಿಗೆ ಸಂಗೀತ ಮಾಡಿದರು. ಇಷ್ಟು ವರ್ಷ ನಿನಗೆ ಆ ಕಥೆಯೊಂದನ್ನೇ ಹೇಳಿದೆ. ಫೋನ್ ಮಾಡಿದಾಗೆಲ್ಲ "ವೀಣೆ ಮುಟ್ಟಿದ್ಯಾ?" ಅಂತ ಕೇಳಿದೆ. ನೀನು ಒಂದು ಗಳಿಗೆ ಸುಮ್ಮನಾಗಿ, "ಊಟ ಆಯ್ತಾ ಅಮ್ಮ?" ಅಂತ ಮಾತು ಬದಲಿಸುತ್ತಿದ್ದೆ. ಆ ಬುಟ್ಟಿಯ ವಿಷಯ ಓದಿದಾಗ ನಿನ್ನ ಆ ಒಂದು ಗಳಿಗೆ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು. ತಪ್ಪಾಯಿತು ಪುಟ್ಟಿ. ಇನ್ನು ಕೇಳಲ್ಲ.

ನಿನ್ನ ವೀಣೆಯ ತಂತಿ ಸಡಿಲ ಮಾಡಿ, ಹೊಸ ಗವಸು ಹಾಕಿಟ್ಟಿದ್ದೇನೆ. ಐನೋಲಾಗೆ ಹೋದಾಗ ಆ ಅಗ್ಗಿಷ್ಟಿಕೆಯ ಫೋಟೋ ಕಳಿಸು. ಅಲ್ಲಿ ಥಂಡಿ ಜಾಸ್ತಿ ಅಲ್ವಾ, ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ
ಅಮ್ಮ