ಮಗಳಿಗೊಂದು ಪತ್ರ: ಮುರಿದು ಬೀಳಲಿ ಎಂದು ಬೇಡಿಕೊಂಡ ಆ ನಾಲ್ಕು ತಿಂಗಳು

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಕುಕ್ಕರ್ ಕೂಗುತ್ತಿತ್ತು, ಅಪ್ಪ ಊಟಕ್ಕೆ ಕೂತಿದ್ದರು, "ಆಮೇಲೆ ಹೇಳ್ತೀನಿ" ಅಂದುಬಿಟ್ಟೆ. ನೀನು ಸ್ಯಾಕ್ರಮೆಂಟೊದವಳು ಅಂತ ಗೊತ್ತಾದ ಕೂಡಲೇ ಸಿಯಾಟಲ್‌ನ ನಿನ್ನ ಆಫೀಸಿನ ಹಿರಿಯರೊಬ್ಬರು "2013ರಲ್ಲಿ ನಮ್ಮ ಕೈಗೆ ಬಂದಿದ್ದ ತಂಡವನ್ನ ನಿಮ್ಮೂರವರು ತಪ್ಪಿಸಿಬಿಟ್ಟರು" ಅಂದರಂತೆ. ನಮ್ಮ ಬಾಸ್ಕೆಟ್‌ಬಾಲ್ ತಂಡ ಕಿಂಗ್ಸ್ ಬಗ್ಗೆ ಹಾಗೆ ಹೇಳಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದರಂತೆ. "ಅಮ್ಮ, ಅವತ್ತು ನಾವು ಮಾಡಿದ್ದು ತಪ್ಪಾ?" ಅಂತ ನೀನು ಕೇಳಿದೆ.

ಅದು ಫೋನಿನಲ್ಲಿ ಮುಗಿಯುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಭಾನುವಾರದ ಕನ್ನಡ ತರಗತಿಯಲ್ಲಿ ಕಲಿತದ್ದನ್ನು ನೆನಪಿಗೆ ತಂದುಕೊಂಡು ನಿಧಾನವಾಗಿ ಓದು.

2013ರಲ್ಲಿ ನಿನಗೆ ಒಂಬತ್ತು ವರ್ಷ. ಆ ಜನವರಿ 21ರಂದು ಸುದ್ದಿ ಬಂತು: ಕಿಂಗ್ಸ್ ತಂಡದ ಮಾಲೀಕರಾದ ಮಲೂಫ್ ಕುಟುಂಬ ತಂಡದ ಶೇಕಡಾ 65ರ ಪಾಲನ್ನು ಸಿಯಾಟಲ್‌ನ ಕ್ರಿಸ್ ಹ್ಯಾನ್ಸೆನ್ ಮತ್ತು ಸ್ಟೀವ್ ಬಾಲ್ಮರ್ ಗುಂಪಿಗೆ ಮಾರಲು ಒಪ್ಪಿದೆ. ಇಡೀ ತಂಡಕ್ಕೆ ಕಟ್ಟಿದ ಬೆಲೆ 52.5 ಕೋಟಿ ಡಾಲರ್. ಕೊಂಡವರು ತಂಡವನ್ನು ಸಿಯಾಟಲ್‌ಗೆ ಒಯ್ದು ಆ ಊರು ಹಿಂದೆ ಕಳೆದುಕೊಂಡಿದ್ದ ತಂಡದ ಹೆಸರನ್ನೇ, ಸೋನಿಕ್ಸ್ ಅಂತ, ಇಡುವವರಿದ್ದರು. ನೀನು ಬ್ಯಾಗ್ ಇಳಿಸದೆ ಬಾಗಿಲಲ್ಲೇ ನಿಂತು "ಅವರು ಹೋಗ್ತಾರಂತೆ" ಅಂದೆ. ಯಾರು ಎಂದು ನಾನು ಕೇಳಲಿಲ್ಲ.

ಆ ಹೊತ್ತಿಗೆ ಊರು ಇಂಥ ಸುದ್ದಿಗೆ ಒಗ್ಗಿಹೋಗಿತ್ತು. 2011ರಲ್ಲಿ ಅನಹೈಮ್‌ಗೆ ಹೋಗುತ್ತಾರೆ ಎಂದಾಗಿತ್ತು. ಆ ಏಪ್ರಿಲ್ 13ರಂದು ಲೇಕರ್ಸ್ ವಿರುದ್ಧ ಆಡಿದ್ದೇ ಸ್ಯಾಕ್ರಮೆಂಟೊದ ಕೊನೆಯ ಆಟ ಅಂತ ಎಲ್ಲರೂ ನಂಬಿದ್ದರು. ಆಟ ಮುಗಿದ ಮೇಲೂ ಜನ ಕುರ್ಚಿ ಬಿಟ್ಟು ಏಳಲಿಲ್ಲ. ಟೀವಿಯಲ್ಲಿ ವಿವರಣೆ ಕೊಡುತ್ತಿದ್ದವರೇ ಅತ್ತರು. ಮೇ 2ರಂದು ಇನ್ನೊಂದು ವರ್ಷ ಇಲ್ಲೇ ಇರುತ್ತೇವೆ ಎಂದರು. 2012ರ ಫೆಬ್ರವರಿಯಲ್ಲಿ ಹೊಸ ಅರೀನಾಕ್ಕೆ, ಅಂದರೆ ತಂಡ ಆಡುವ ಒಳಾಂಗಣ ಕ್ರೀಡಾಂಗಣಕ್ಕೆ, ಒಪ್ಪಂದವಾಯಿತು, ಏಪ್ರಿಲ್‌ನಲ್ಲಿ ಅದೂ ಮುರಿಯಿತು. ಹೋಗುತ್ತೇವೆ, ಇರುತ್ತೇವೆ, ಹೋಗುತ್ತೇವೆ. ಹೀಗೆ ಕಾಯುವ ಮನೆಗೆ ನೆಮ್ಮದಿ ಎಲ್ಲಿಂದ ಬರಬೇಕು?

ಆ ಮಾರ್ಚ್ ತಿಂಗಳಲ್ಲಿ ಅಜ್ಜ ಸಾಗರದಿಂದ ಬಂದಿದ್ದರಲ್ಲ, ನೆನಪಿದೆಯಾ? ಒಂದು ತಂಡವನ್ನು ಊರಿಂದ ಊರಿಗೆ ಎತ್ತಿಕೊಂಡು ಹೋಗಬಹುದು ಅನ್ನುವುದೇ ಅವರಿಗೆ ತಿಳಿಯಲಿಲ್ಲ. ಕರ್ನಾಟಕದ ರಣಜಿ ತಂಡವನ್ನು ಯಾರಾದರೂ ಕೊಂಡು ಪುಣೆಗೆ ಒಯ್ಯಲು ಆಗುತ್ತದಾ ಅಂತ ಕೇಳಿದರು. ಆಗುವುದಿಲ್ಲ, ಅದು ರಾಜ್ಯದ್ದು. ಇಲ್ಲಿ ತಂಡ ಮಾಲೀಕನ ಸ್ವತ್ತು, ಆದರೂ ಎತ್ತಿಕೊಂಡು ಹೋಗಲು ಲೀಗಿನ ಉಳಿದ ತಂಡಗಳ ಮಾಲೀಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಬೇಕು ಅಂದೆ. ಅಜ್ಜ ಬಿಡಲಿಲ್ಲ. "ಆಡೋರು ನಿಮ್ಮೂರಿನ ಹುಡುಗರಾ?" ಅಲ್ಲ. "ಮಾಲೀಕ?" ಅಲ್ಲ. "ಹಂಗಾದ್ರೆ ಅದರಲ್ಲಿ ನಿಮ್ಮದು ಅಂತ ಏನೈತಿ ಮಾರಾಯ್ತಿ?" ನನಗೆ ಉತ್ತರ ಹೊಳೆಯಲಿಲ್ಲ. ನೆಲದ ಮೇಲೆ ಕೂತು ಬಣ್ಣ ತುಂಬುತ್ತಿದ್ದ ನೀನು ತಲೆ ಎತ್ತದೆ "ಕೂಗೋರು ನಮ್ಮೂರೋರು, ಅಜ್ಜ" ಅಂದೆ. ಅಜ್ಜ ಆಮೇಲೆ ಕೇಳಲಿಲ್ಲ. ಮಾರನೆಯ ದಿನದಿಂದ ನಮ್ಮ ಜೊತೆ ಟೀವಿ ಮುಂದೆ ಕೂರುತ್ತಿದ್ದರು.

ಕೂಗುವುದರಲ್ಲಿ ಈ ಊರನ್ನು ಮೀರಿಸಿದವರಿಲ್ಲ. 1985ರಿಂದ 1997ರವರೆಗೆ, ತಂಡ ಹೆಚ್ಚಾಗಿ ಸೋಲುತ್ತಲೇ ಇದ್ದ ಕಾಲದಲ್ಲಿ, ಸತತ 497 ಆಟಗಳ ಟಿಕೆಟ್ ಪೂರ್ತಿ ಮಾರಾಟವಾಗಿತ್ತು. ಲೇಕರ್ಸ್ ಕೋಚ್ ಫಿಲ್ ಜಾಕ್ಸನ್ ಈ ಊರಿನವರನ್ನು ಅರೆನಾಗರಿಕರು ಎಂದು ಹಂಗಿಸಿದಾಗ ಜನ ದನದ ಕೊರಳ ಗಂಟೆ ಹಿಡಿದು ಆಟಕ್ಕೆ ಬಂದರು. ಆ ಗಂಟೆಯ ಸದ್ದಿಗೇ ನನ್ನ ಮನಸ್ಸು ಇಲ್ಲಿ ನೆಟ್ಟಿತು. ನಾವು ಸ್ಯಾಕ್ರಮೆಂಟೊ ಪಕ್ಕದ ಫಾಲ್ಸಮ್‌ಗೆ ಬಂದ 2005ರಲ್ಲಿ ನನಗೆ ಇಲ್ಲಿ ಒಬ್ಬರ ಪರಿಚಯವೂ ಇರಲಿಲ್ಲ. ಅಪ್ಪ ಬೆಳಿಗ್ಗೆ ಹೋದರೆ ರಾತ್ರಿ ಬರುತ್ತಿದ್ದರು, ಕಂಕುಳಲ್ಲಿ ನೀನು. ಮೊದಲ ಸಲ ಆ ಅರೀನಾದೊಳಗೆ ಕಾಲಿಟ್ಟಾಗ ಕೇಳಿದ್ದು, ಸಂಜೆ ಕೊಟ್ಟಿಗೆಗೆ ದನ ಮರಳುವಾಗಿನ ಸದ್ದು, ನೂರು ಪಟ್ಟು ಜೋರಾಗಿ. ನೀನು ಬೆಚ್ಚಿ ಅಳಬೇಕಿತ್ತು, ಅಳಲಿಲ್ಲ. ನಾನು ಅತ್ತೆ.

ಇರಲಿ, 2013ಕ್ಕೆ ಬರುತ್ತೇನೆ. ಮೇಯರ್ ಕೆವಿನ್ ಜಾನ್ಸನ್ ಈ ಊರಲ್ಲೇ ಹುಟ್ಟಿದವರು, ಫೀನಿಕ್ಸ್ ಸನ್ಸ್ ತಂಡದಲ್ಲಿ ಆಡಿದವರು. ಊರಲ್ಲೇ ತಂಡ ಇಟ್ಟುಕೊಳ್ಳುವ ಕೊಳ್ಳುಗರನ್ನು ಹುಡುಕುತ್ತಾ ಹೊರಟರು. ಮಾರ್ಚ್ ಕೊನೆಗೆ ವಿವೇಕ್ ರಣದಿವೆ ಹೆಸರು ಕೇಳಿಬಂತು. ಮುಂಬೈನಲ್ಲಿ ಹುಟ್ಟಿದವರು, ಎಂಐಟಿಯಲ್ಲಿ ಓದಿದವರು, ತಮ್ಮ ಮಗಳ ಬಾಸ್ಕೆಟ್‌ಬಾಲ್ ತಂಡಕ್ಕೆ ತಾವೇ ಕೋಚ್ ಆಗಿದ್ದವರು. ನಮ್ಮ ಕನ್ನಡದ ಗೆಳೆಯರ ಮನೆಗಳಲ್ಲೆಲ್ಲ ಆ ವಾರ ಅದೇ ಮಾತು. ಬಾಸ್ಕೆಟ್‌ಬಾಲ್ ನೋಡದವರೂ ಮತ ಎಣಿಸತೊಡಗಿದರು.

ಮಾರ್ಚ್ 26ರಂದು ನಗರಸಭೆ 7–2 ಮತದಿಂದ ಹೊಸ ಅರೀನಾಕ್ಕೆ ಒಪ್ಪಿಗೆ ಕೊಟ್ಟಿತು. ಅಂದಾಜು 44.8 ಕೋಟಿ ಡಾಲರ್, ಅದರಲ್ಲಿ ನಗರದ ಪಾಲು 25.8 ಕೋಟಿ, ಬಹುಪಾಲು ಪಾರ್ಕಿಂಗ್ ಆದಾಯದ ಮೇಲೆ ಸಾಲ ಎತ್ತಿ. ವಿರೋಧಿಸಿದವರು ಕೆಟ್ಟವರಾಗಿರಲಿಲ್ಲ. ಕೋಟ್ಯಧೀಶರ ತಂಡಕ್ಕೆ ಊರಿನ ದುಡ್ಡು ಯಾಕೆ ಅನ್ನುವ ಅವರ ಪ್ರಶ್ನೆ ನ್ಯಾಯವಾದದ್ದೇ. ಆ ರಾತ್ರಿ ನಾನು ಅವರ ಮಾತು ಕೇಳಿಸಿಕೊಳ್ಳಲು ತಯಾರಿರಲಿಲ್ಲ. ಇವತ್ತು ಕೇಳಿದರೆ ಅರ್ಧ ಮನಸ್ಸು ಅವರ ಕಡೆಗೇ ಇದೆ.

ಏಪ್ರಿಲ್ 17ರಂದು, ಸೀಸನ್ನಿನ ಕೊನೆಯ ಆಟಕ್ಕೆ, ಕ್ಲಿಪ್ಪರ್ಸ್ ವಿರುದ್ಧ, ನಾಲ್ಕು ಟಿಕೆಟ್ ತಂದೆ. ಅಜ್ಜನೂ ಬಂದರು. ನಾವು ಸೋತೆವು. ಆ ಸೀಸನ್ನಿನಲ್ಲಿ ಗೆದ್ದದ್ದು 28, ಸೋತದ್ದು 54. ಆಟ ಮುಗಿದ ಮೇಲೆ ನೀನು ಕುರ್ಚಿಯ ಕೈ ಹಿಡಿದು ಕೂತೆ. "ಲೈಟ್ ಆಫ್ ಮಾಡೋವರೆಗೂ ಇರೋಣ" ಅಂದೆ. ನಮ್ಮ ಹಿಂದಿನ ಸಾಲಿನ ಮುದುಕಿಯೊಬ್ಬರು, ಹೆಸರೂ ಗೊತ್ತಿಲ್ಲ, ತಮ್ಮ ಗಂಟೆಯನ್ನು ನಿನ್ನ ಕೈಗಿಟ್ಟು "ಮುಂದಿನ ವರ್ಷ ಬಂದು ವಾಪಸ್ ಕೊಡು" ಅಂದರು. ಅದೇ ಈಗಲೂ ನಿನ್ನ ಕೋಣೆಯ ಕಿಟಕಿಯಲ್ಲಿರುವ ಗಂಟೆ. ಅವರನ್ನು ಮತ್ತೆ ನಾವು ನೋಡಲೇ ಇಲ್ಲ.

ಆ ದಿನಗಳಲ್ಲಿ ನಾನು ದಿನಾ ಸಂಜೆ ದೇವರ ಮುಂದೆ ದೀಪ ಹಚ್ಚಿ ಆ ವ್ಯವಹಾರ ಮುರಿದು ಬೀಳಲಿ ಎಂದು ಬೇಡಿಕೊಳ್ಳುತ್ತಿದ್ದೆ. ನಿನಗೆ ಇದನ್ನು ಯಾವತ್ತೂ ಹೇಳಿರಲಿಲ್ಲ. ಬೇರೆ ಯಾವುದಕ್ಕೂ ನಾನು ಹಾಗೆ, ಮುರಿಯಲಿ ಎಂದು, ಬೇಡಿದವಳಲ್ಲ.

ಏಪ್ರಿಲ್ 29ರಂದು ಈ ತಂಡಗಳೆಲ್ಲ ಆಡುವ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಸಮಿತಿ 7–0ರಲ್ಲಿ ಸ್ಥಳಾಂತರ ಬೇಡ ಎಂದು ಶಿಫಾರಸು ಮಾಡಿತು. ಮೇ 15ರಂದು ಡಲ್ಲಾಸ್‌ನಲ್ಲಿ ಸೇರಿದ ಮಾಲೀಕರ ಸಭೆ 22–8ರಲ್ಲಿ ತಿರಸ್ಕರಿಸಿತು. ನಿನ್ನನ್ನು ಶಾಲೆಯಿಂದ ಕರೆತರುವಾಗ ರಸ್ತೆಯಲ್ಲಿ ಕಾರುಗಳೆಲ್ಲ ಹಾರ್ನ್ ಬಾರಿಸುತ್ತಿದ್ದವು. ನೀನು ಕಿಟಕಿಯಿಂದ ಕೈ ಹೊರಗೆ ಹಾಕಿ ಗಂಟೆ ಅಲ್ಲಾಡಿಸಿದೆ, ನಾನು ಬೈಯಲಿಲ್ಲ. ಆ ವಾರವೇ ರಣದಿವೆ ಗುಂಪಿನ ಜೊತೆ ಒಪ್ಪಂದವಾಯಿತು. ರಾತ್ರಿ ಅಜ್ಜನಿಗೆ ಫೋನ್ ಮಾಡಿ ಹೇಳಿದೆವು. ಪಾಯಸ ಮಾಡಿದೆವು.

ಆ ರಾತ್ರಿ ಸಿಯಾಟಲ್‌ನಲ್ಲಿ ಏನಾಗಿರಬಹುದು ಅಂತ ನಾನು ಒಂದು ಸಲವೂ ಯೋಚಿಸಲಿಲ್ಲ. ನಿನಗೆ ಹೇಳಬೇಕಾದದ್ದು ಇದೇ.

ನೀನು ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾನು ಆ ಊರಿನ ಕಥೆ ಓದಿದೆ. ಸೋನಿಕ್ಸ್ 1967ರಿಂದ ಅಲ್ಲಿದ್ದ ತಂಡ, 1979ರಲ್ಲಿ ಚಾಂಪಿಯನ್ ಆದ ತಂಡ. 2006ರಲ್ಲಿ ಅದನ್ನು ಒಕ್ಲಹೋಮಾದ ಗುಂಪು ಕೊಂಡಿತು. 2008ರ ಏಪ್ರಿಲ್ 13ರಂದು ಅಲ್ಲಿ ಕೊನೆಯ ಆಟ. ನಮ್ಮೂರು ಮೂರು ವರ್ಷ ಬಿಟ್ಟು ಅದೇ ತಾರೀಖಿಗೆ ಕೊನೆಯ ಆಟ ಎಂದುಕೊಂಡು ಅತ್ತಿತು. ಅವರದು ನಿಜವಾಗಿ ಕೊನೆಯದಾಗಿತ್ತು. ತಂಡ ಹೋಯಿತು, ಹೆಸರು, ಹಸಿರು–ಹಳದಿ ಬಣ್ಣ ಮಾತ್ರ ಊರಿಗೆ ಉಳಿದವು. ಐದು ವರ್ಷ ಆದಮೇಲೆ ಒಂದು ದಾರಿ ಕಂಡಿತ್ತು. ಆ ದಾರಿ ನಮ್ಮ ಮನೆಯೊಳಗಿಂದ ಹಾದುಹೋಗುತ್ತಿತ್ತು, ಅಷ್ಟೇ. ನಿನ್ನ ಆಫೀಸಿನ ಆ ಹಿರಿಯರೂ ಅದೇ ಮೇ 15ರಂದು ಮಕ್ಕಳ ಜೊತೆ ಕೂತು ಮತ ಎಣಿಸಿರಬೇಕು.

ಇನ್ನೊಂದು ವಿಷಯ ಓದಿ ಮನಸ್ಸಿಗೆ ಕಸಿವಿಸಿಯಾಯಿತು. 2006ರ ನವೆಂಬರಿನಲ್ಲಿ ಎರಡೂ ಊರಿನ ಮತದಾರರು ಒಂದೇ ಮಾತು ಹೇಳಿದ್ದರು. ನಾವು ಅರೀನಾಕ್ಕಾಗಿ ಮಾರಾಟ ತೆರಿಗೆ ಏರಿಸುವುದು ಬೇಡ ಎಂದೆವು, ಅವರು ತಂಡಗಳಿಗೆ ಊರಿನ ದುಡ್ಡು ಸುಮ್ಮನೆ ಸುರಿಯುವುದು ಬೇಡ ಎಂದರು. ಅವರು ಮಾತು ಉಳಿಸಿಕೊಂಡರು, ತಂಡ ಕಳೆದುಕೊಂಡರು. ನಾವು ಏಳು ವರ್ಷದ ಮೇಲೆ ದುಡ್ಡು ಕೊಟ್ಟು ತಂಡ ಉಳಿಸಿಕೊಂಡೆವು. ಅವರ ಪ್ರೀತಿ ನಮ್ಮದಕ್ಕಿಂತ ಕಡಿಮೆ ಇತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡ.

ಅಷ್ಟಕ್ಕೂ ಕಿಂಗ್ಸ್ ಇಲ್ಲಿಗೆ ಬಂದದ್ದಾದರೂ ಹೇಗೆ? 1985ರಲ್ಲಿ ಕಾನ್ಸಾಸ್ ಸಿಟಿಯಿಂದ. ಅದಕ್ಕೂ ಮುಂಚೆ ಸಿನ್ಸಿನಾಟಿಯಲ್ಲಿ, ಅದಕ್ಕೂ ಮುಂಚೆ ರಾಚೆಸ್ಟರ್‌ನಲ್ಲಿ. 1951ರಲ್ಲಿ ಗೆದ್ದ ಒಂದೇ ಒಂದು ಚಾಂಪಿಯನ್‌ಶಿಪ್ಪೂ ರಾಚೆಸ್ಟರ್ ಕಾಲದ್ದು. ಮೂರು ಊರುಗಳ ಕಣ್ಣೀರು ದಾಟಿ ಬಂದದ್ದನ್ನು ನಾವು "ನಮ್ಮದು" ಅನ್ನುತ್ತಿದ್ದೆವು. ಕಾನ್ಸಾಸ್ ಸಿಟಿಗೆ ಆಮೇಲೆ ಎನ್‌ಬಿಎ ತಂಡ ಬರಲೇ ಇಲ್ಲ.

ಇನ್ನೊಂದು ನೋವು ನನ್ನದೇ, ಅದನ್ನೂ ಹೇಳಿಬಿಡುತ್ತೇನೆ. ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡು ನಾನು ಮೊದಲು ನೋಡಿದ್ದು ಕಿಂಗ್ಸ್ ಆಟವಲ್ಲ, ಮೊನಾರ್ಕ್ಸ್ ಆಟ. ನಮ್ಮೂರಿನ ಹೆಣ್ಣುಮಕ್ಕಳ ತಂಡ. ಟಿಕೆಟ್ ಅಗ್ಗ ಅಂತ ಹೋದದ್ದು. ಟೀಶಾ ಪೆನಿಷೇರೊ ಎತ್ತಲೋ ನೋಡುತ್ತಾ ಇನ್ನೆತ್ತಲೋ ಚೆಂಡು ದಾಟಿಸುತ್ತಿದ್ದಳು, ಯೊಲಾಂಡಾ ಗ್ರಿಫಿತ್ ಬಂಡೆಯ ಹಾಗೆ ನಿಲ್ಲುತ್ತಿದ್ದಳು. ಆ ವರ್ಷ, 2005ರಲ್ಲಿ, ಅವರು ಚಾಂಪಿಯನ್ ಆದರು. ಕಿಂಗ್ಸ್ ಸ್ಯಾಕ್ರಮೆಂಟೊಗೆ ಯಾವತ್ತೂ ತರದ ಗೆಲುವನ್ನು ಅವರು ತಂದರು. 2009ರ ನವೆಂಬರಿನಲ್ಲಿ ಮಾಲೀಕರು ಕೈಬಿಟ್ಟರು, ತಂಡವೇ ಮುಚ್ಚಿಹೋಯಿತು. ಅವರಿಗಾಗಿ ಕಾರುಗಳು ಹಾರ್ನ್ ಬಾರಿಸಲಿಲ್ಲ. ಆಗ ನಾನೂ ದೀಪ ಹಚ್ಚಿ ಬೇಡಲಿಲ್ಲ. ಒಂದು ದಿನ ಪೇಪರಿನಲ್ಲಿ ಓದಿ, ಅಯ್ಯೋ ಅಂದು, ನಿನಗೆ ಜಡೆ ಹಾಕಲು ಎದ್ದುಹೋದೆ.

ನಿನ್ನ ಊರು ಹಾಗೆ ಮಾಡಲಿಲ್ಲ. ಸೋನಿಕ್ಸ್ ಜೊತೆಗೇ ಅಲ್ಲಿನ ಹೆಣ್ಣುಮಕ್ಕಳ ಸ್ಟಾರ್ಮ್ ತಂಡವೂ ಒಕ್ಲಹೋಮಾದವರ ಕೈಗೆ ಹೋಗಿತ್ತು. 2008ರಲ್ಲಿ ಸಿಯಾಟಲ್‌ನ ಕೆಲವು ಹೆಂಗಸರು ಸೇರಿ ಒಂದು ಕೋಟಿ ಡಾಲರ್ ಕೊಟ್ಟು ಅದನ್ನು ಬಿಡಿಸಿಕೊಂಡು ಊರಲ್ಲೇ ಇಟ್ಟುಕೊಂಡರು. ಆಮೇಲೆ ಅವರು 2010, 2018, 2020ರಲ್ಲಿ ಚಾಂಪಿಯನ್ ಆದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ ಪುಟ್ಟಿ.

ಹಾಗಾದರೆ ತಪ್ಪು ಮಾಡಿದೆವಾ? ಉಳಿಯಲಿ ಎಂದು ಆಸೆಪಟ್ಟದ್ದು ತಪ್ಪಲ್ಲ. ಮತ್ತೆ ಹಾಗೇ ಆದರೆ ಮತ್ತೆ ಅದನ್ನೇ ಆಸೆಪಡುತ್ತೇನೆ. 2023ರಲ್ಲಿ ಹದಿನಾರು ಸೀಸನ್ ಆದಮೇಲೆ ತಂಡ ಪ್ಲೇಆಫ್ ಮುಟ್ಟಿದಾಗ, ಗೆದ್ದ ರಾತ್ರಿಗಳಲ್ಲಿ ಅರೀನಾದ ಮೇಲಿಂದ ಆಕಾಶಕ್ಕೆ ನೇರಳೆ ಬೆಳಕಿನ ಕಂಬ ಏಳುತ್ತಿತ್ತಲ್ಲ, ಹೈವೇ 50ರಲ್ಲಿ ಕಾರು ಓಡಿಸುತ್ತಾ ಅದನ್ನು ಕಂಡಾಗ ನನ್ನ ಗಂಟಲು ಕಟ್ಟಿತ್ತು. ಅದನ್ನು ಬಿಟ್ಟುಕೊಡಲಾರೆ. ಆದರೆ ನಿನ್ನ ಆಫೀಸಿನ ಹಿರಿಯರು ಹಾಗೆ ಅಂದಾಗ ನೀನು ವಾದಕ್ಕೆ ನಿಲ್ಲಲಿಲ್ಲ ಅಂದೆಯಲ್ಲ, ಅದು ಸರಿ. ಅವರ ಆಸೆ ಮುರಿಯಲಿ ಎಂದು ನಿಮ್ಮಮ್ಮ ಬೇಡಿಕೊಂಡಿದ್ದಳು ಎಂದು ಬೇಕಾದರೆ ಹೇಳು. ಆವಾಗ ಅವರ ನೆನಪು ಬಂದಿರಲಿಲ್ಲ, ಈಗ ಬರುತ್ತದೆ ಎಂದೂ ಹೇಳು. ಅವರ ಊರಿಗೆ ತಂಡ ಬರಲಿ, ಇನ್ಯಾವ ಊರಿಂದಲೂ ಕಿತ್ತು ತಂದದ್ದಲ್ಲದ ಹೊಸ ತಂಡ, ಎಂದು ಈಗ ಬೇಡಿಕೊಳ್ಳುತ್ತಿದ್ದೇನೆ.

ಜೂನಿನಲ್ಲಿ ಅಪ್ಪನಿಗೆ ರಜೆ ಸಿಕ್ಕಿದರೆ ಹತ್ತು ದಿನ ಬರುತ್ತೇವೆ. ಸ್ಟಾರ್ಮ್ ಆಟಕ್ಕೆ ಟಿಕೆಟ್ ನೋಡಿಡು. ನಾಲ್ಕು ತೆಗೆದುಕೋ, ಆ ಹಿರಿಯರು ಬರುತ್ತಾರಾ ಅಂತ ಕೇಳು. ನಿನಗೆ ಬೇಕೆಂದಿದ್ದ ಚಟ್ನಿಪುಡಿ, ತೊಗರಿಬೇಳೆ ಹುರಿದಿದ್ದು, ಎರಡೂ ತರುತ್ತೇನೆ. ಕಿಟಕಿಯ ಗಂಟೆಯನ್ನೂ ಒರೆಸಿ ಚೀಲದಲ್ಲಿ ಹಾಕಿಕೊಳ್ಳುತ್ತೇನೆ. ಅಲ್ಲಿ ಬಾರಿಸಬಹುದೋ ಇಲ್ಲವೋ, ನೀನು ವಿಚಾರಿಸಿ ಹೇಳು.

ನಿನ್ನ,
ಅಮ್ಮ