ಬೇಸಿಗೆಯ ಗೋಧಿ ಬಿಯರ್ ಬದಲಾಗಿದೆ: ನಮ್ಮ ಕನ್ನಡ ಗ್ರಾಹಕರಿಗೆ

ಆತ್ಮೀಯರೇ,

ನ್ಯೂರೆಂಬರ್ಗ್, ಎರ್ಲಾಂಗನ್ ಕಡೆಯಿಂದ ನಮ್ಮಲ್ಲಿಗೆ ಬರುವ ನೀವೆಲ್ಲ ಕೇಳುವುದು ಒಂದೇ ಮಾತು: "ಮಾವಿನಹಣ್ಣು, ಏಲಕ್ಕಿ ಹಾಕಿ ಒಂದು ಬಿಯರ್ ಮಾಡಬಾರದಾ?" ಮಾಡಬಹುದು. ಆದರೆ ಇಲ್ಲಿನ ಬಿಯರ್ ಶುದ್ಧತೆಯ ಕಾನೂನಿನಿಂದಾಗಿ ಬವೇರಿಯಾದಲ್ಲಿ ಅದನ್ನು ಬಿಯರ್ ಅಂತ ಮಾರುವ ಹಾಗಿಲ್ಲ.

ಈ ಸಲದ ಬಾಟಲಿ ತೆರೆದರೆ ಕಿತ್ತಳೆ ಸಿಪ್ಪೆಯ ಘಮ ಬರುತ್ತದೆ. ಕಿತ್ತಳೆ ಹಾಕಿದ್ದೀರಾ ಎಂದು ಈಗಾಗಲೇ ಮೂವರು ವಿಚಾರಿಸಿದ್ದಾರೆ. ಇಲ್ಲ. ಲೇಬಲ್ಲಿನಲ್ಲಿ ಮೊದಲಿದ್ದದ್ದೇ ಇದೆ: ನೀರು, ಗೋಧಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು), ಬಾರ್ಲಿ ಮಾಲ್ಟ್, ಹಾಪ್ಸ್ (ಕಹಿ, ಘಮ ಕೊಡುವ ಬಳ್ಳಿಯ ಹೂವು), ಯೀಸ್ಟ್. ಘಮ ಹಾಪ್ಸ್ ಹೂವಿನದು. ಹಲ್ಲರ್ಟೌ ಸೀಮೆಯ ಹ್ಯೂಲ್ ಸಂಶೋಧನಾ ಕೇಂದ್ರ 2012ರಲ್ಲಿ ಹೊರತಂದ ‘ಮಂದಾರಿನಾ ಬವೇರಿಯಾ’ ಎಂಬ ತಳಿ ಅದು. ಕುದಿಸಿದರೆ ಕಹಿ ಉಳಿದು ಘಮ ಆವಿಯಾಗಿ ಹೋಗುತ್ತದೆ. ಅದಕ್ಕೇ ಬಿಯರ್ ಹುದುಗಿ ತಣ್ಣಗಾದ ಮೇಲೆ ಈ ಹಾಪ್ಸನ್ನು ಟ್ಯಾಂಕಿಗೆ ಹಾಕಿ ನೆನೆಯಲು ಬಿಡುತ್ತೇವೆ. ಬಾಳೆಹಣ್ಣು, ಲವಂಗದ ವಾಸನೆ ಹಿಂದಿನಂತೆಯೇ ಯೀಸ್ಟ್ ಕೊಟ್ಟದ್ದು. ನಾಲಿಗೆಗೆ ತುಸು ಹುಳಿ ತಾಗಿದರೆ ಬಿಯರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಹುಳಿಗೆಂದು ಅಂಗಡಿಯಲ್ಲಿ ಸಿಗುವ ಲ್ಯಾಕ್ಟಿಕ್ ಆಸಿಡ್ ಸುರಿಯಲು ಇಲ್ಲಿ ಅವಕಾಶವಿಲ್ಲ. ಮಾಲ್ಟಿನ ಮೇಲೆ ತಾನಾಗಿ ಇರುವ ಬ್ಯಾಕ್ಟೀರಿಯಾಗಳಿಂದಲೇ ಹುಳಿ ಬರಿಸಿದ ಮಾಲ್ಟ್ ಬಳಸಬಹುದು. ನಾವು ಒಂದು ಹಿಡಿ ಅದನ್ನು ಸೇರಿಸಿದ್ದೇವೆ.

ಬಿಯರ್ ಸ್ವಲ್ಪ ಮಬ್ಬಾಗಿರುತ್ತದೆ, ತಳದಲ್ಲಿ ಗಸಿ ಇರುತ್ತದೆ. ಹಾಪ್ಸ್ ಘಮ ಬೇಗ ಮಾಸುವುದರಿಂದ ಫ್ರಿಜ್‌ನಲ್ಲಿಟ್ಟು ಮೂರು ತಿಂಗಳೊಳಗೆ ಕುಡಿದು ಮುಗಿಸಿ. ನೆಂದ ಹಾಪ್ಸ್ ಒಂದಿಷ್ಟು ಬಿಯರನ್ನು ತಾನೇ ಹೀರಿಕೊಂಡುಬಿಡುತ್ತದೆ. ಆ ನಷ್ಟಕ್ಕೆಂದು ಅರ್ಧ ಲೀಟರ್ ಬಾಟಲಿಗೆ 30 ಸೆಂಟ್ ಏರಿಸಿದ್ದೇವೆ.

ಬೆಲೆ ಅಂದಾಗ ನೆನಪಾಯಿತು. ಎಲ್ಲರೂ ಹೇಳುವ ಆ ಹಳೆಯ ಬಿಯರ್ ಶುದ್ಧತೆಯ ಆಜ್ಞೆ 1516ರ ಏಪ್ರಿಲ್ 23ರಂದು ಇಂಗೊಲ್‌ಸ್ಟಾಟ್‌ನಲ್ಲಿ ಹೊರಟದ್ದು. ಅದರಲ್ಲಿ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಮಾತ್ರ; ಯೀಸ್ಟಿನ ಹೆಸರೇ ಇಲ್ಲ. ಆ ಲೆಕ್ಕದಲ್ಲಿ ನಮ್ಮ ಗೋಧಿ ಬಿಯರೂ ತಪ್ಪೇ! ಈಗಿನ ಕಾನೂನು ಮೇಲ್ಹುದುಗಿನ (ಹುದುಗುವಾಗ ಯೀಸ್ಟ್ ಮೇಲಕ್ಕೆ ಬರುವ, ನಮ್ಮದರಂಥ) ಬಿಯರಿಗೆ ಗೋಧಿ ಮಾಲ್ಟ್ ಬಿಟ್ಟಿದೆ. ಆ ಆಜ್ಞೆ ಬೆಲೆಯನ್ನೂ ಕಟ್ಟಿತ್ತು: ಒಂದು ‘ಮಾಸ್’ ಅಳತೆಗೆ (ಸುಮಾರು ಒಂದು ಲೀಟರ್) ಚಳಿಗಾಲದಲ್ಲಿ ಹೆಚ್ಚೆಂದರೆ 1 ಫೆನಿಗ್ (ಆಗಿನ ಚಿಕ್ಕ ನಾಣ್ಯ), ಬೇಸಿಗೆಯಲ್ಲಿ 2. ನಾವೂ ಏರಿಸಿದ್ದು ಬೇಸಿಗೆಯಲ್ಲೇ. ಇಮ್ಮಡಿಯಂತೂ ಮಾಡಿಲ್ಲ.

ಇದನ್ನು ಬರೆದವಳು ಇಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು, ಬಿಯರ್ ಕಾಯಿಸುವವಳಲ್ಲ. ಹಾಪ್ಸ್ ಬಗ್ಗೆ ಇನ್ನೂ ಕೇಳುವುದಿದ್ದರೆ ಶನಿವಾರ ಬನ್ನಿ, ಟ್ಯಾಂಕಿನ ಹತ್ತಿರ ಕರೆದೊಯ್ಯುತ್ತೇನೆ. ಹಳೆಯ ರುಚಿಯೇ ಬೇಕೆನ್ನುವವರಿಗೆ ಹಿಂದಿನ ಬ್ಯಾಚಿನ 14 ಕ್ರೇಟ್ ಉಳಿದಿವೆ, ಹಳೆಯ ಬೆಲೆಗೇ. ಬರುವಾಗ ಖಾಲಿ ಬಾಟಲಿ ತರಲು ಮರೆಯಬೇಡಿ.

ಇಂತಿ,
ಬ್ರೂವರಿ ಬಳಗದ ಪರವಾಗಿ